ತೀಥರ್ಹಳ್ಳಿ

ಹೋದ ವಾರ ಗಿರಿನಗರದ ಚಿಕ್ಕಪ್ಪ ಒಂದು ಈಮೇಲ್ ಕಳ್ಸಿದ್ರು. ಅವ್ರು ವಾಟ್ಸಾಪಲ್ಲಿಲ್ಲ, ಬರೋದೂ ಇಲ್ಲ ಅಂತ ಹಠ, ಹಾಗಾಗಿ ಮನೆಯವ್ರ ಗ್ರೂಪಲ್ಲಿ ನಾಮಕರಣ ಆಗ್ಲಿ ವೈಕುಂಠ ಸಮಾರಾಧನೆ ಆಗ್ಲಿ ಅವ್ರಿಗೆ ಗೊತ್ತಾಗೋದು ಎರಡು ದಿನ ಲೇಟಾಗಿ, ಅದೂ ನಾನು ನೆನಪಿಟ್ಕೊಂಡು ಫೋನ್ ಮಾಡಿದ್ರೆ. ಈಮೇಲ್ ಜೊತೆ 64 ಪುಟದ ಫೈಲು, ತೀರ್ಥಹಳ್ಳಿ ಕಡೆಯ ನಮ್ಮಜ್ಜನ ಮನೆ ಬಗ್ಗೆ 2002ರಲ್ಲಿ ಅವ್ರೇ ಕೂತು ಟೈಪ್ ಮಾಡಿದ್ದು. "ಓದಿ ಹೇಳೋ, ಪ್ರಿಂಟ್ ಹಾಕ್ಸೋಣ" ಅಂತ ಒಂದೇ ಸಾಲು.

ಓಪನ್ ಮಾಡಿದ್ರೆ ಒಂದಕ್ಷರ ಕನ್ನಡ ಇಲ್ಲ! ತಲೆ ಮೇಲೆ ಗೀಟು ಇರೋ ಇಂಗ್ಲಿಷ್ ಅಕ್ಷರ, ಮಧ್ಯೆ ಮಧ್ಯೆ ಪೌಂಡ್ ಗುರುತು, ಪೂರ್ತಿ ಕಾಗೆಕಾಲು ಗುಬ್ಬಿಕಾಲು. ಆಗಿನ ಫಾಂಟ್‌ಗಳ ಕಥೆ ಅದು. ಕಂಪ್ಯೂಟರ್ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಾನೇ, ಫಾಂಟು ಅದಕ್ಕೆ ಕನ್ನಡದ ವೇಷ ಕಟ್ತಿತ್ತು ಅಷ್ಟೇ, ನನ್ನ ಲ್ಯಾಪ್‌ಟಾಪಲ್ಲಿ ಆ ಫಾಂಟಿಲ್ಲ, ವೇಷ ಕಳಚಿಬಿತ್ತು. ಎಲ್ಲಾ ಭಾಷೆ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಯೂನಿಕೋಡ್ ಪದ್ಧತಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಂತ 128 ಜಾಗ ಬಿಟ್ಟಿತ್ತು, ಆದ್ರೆ ಮನೆ ಕಂಪ್ಯೂಟರಲ್ಲಿ ಅದು ನೆಟ್ಟಗೆ ಕಾಣೋಕೆ ವಿಂಡೋಸ್ ಎಕ್ಸ್‌ಪಿ, ತುಂಗಾ ಫಾಂಟ್ ಎಲ್ಲ ಬರಬೇಕಾಯ್ತು. ಚಿಕ್ಕಪ್ಪ ಅಷ್ಟರಲ್ಲಿ ಹಳೇದಕ್ಕೇ ಒಗ್ಗಿಹೋಗಿದ್ರು.

ಸರಿ ಅಂತ, ಹಳೇ ಫಾಂಟಿನ ಅಕ್ಷರಾನ ಯೂನಿಕೋಡ್ ಮಾಡೋ ಒಂದು ಕನ್ವರ್ಟರ್‌ಗೆ ಹಾಕ್ದೆ. ಕನ್ನಡ ಬಂತು, ಆದ್ರೆ ತೀರ್ಥಹಳ್ಳಿ ಹೋಗಿ "ತೀಥರ್ಹಳ್ಳಿ" ಆಗಿತ್ತು. ವರ್ಷ "ವಷರ್", ಕಾರ್ಯಕ್ರಮ "ಕಾಯರ್ಕ್ರಮ". ಎಲ್ಲಾ ಅರ್ಕಾವತ್ತಿನ ಕಿತಾಪತಿ! ಆ "ರ್" ನಾವು ಬಾಯಲ್ಲಿ ಹೇಳೋದು ಮೊದಲು, ಬರೆಯೋದು ಮುಂದಿನ ಅಕ್ಷರ ಆದ್ಮೇಲೆ. ಹಳೇ ಫಾಂಟು ಕಣ್ಣಿಗೆ ಕಾಣೋ ಕ್ರಮದಲ್ಲಿ ಇಡುತ್ತೆ, ಯೂನಿಕೋಡ್ ಬಾಯಿಗೆ ಬರೋ ಕ್ರಮದಲ್ಲಿ ಇಡುತ್ತೆ, ಕನ್ವರ್ಟರ್ ಮಾಡ್ದೋನು ಇದೊಂದನ್ನ ಮರ್ತಿದ್ದಾನೆ. ನಾಲ್ಕು ರಾತ್ರಿ ಕೂತು ಅರ್ಕಾವತ್ತು ಹುಡುಕಿ ಹುಡುಕಿ ತಿದ್ದಿದೀನಿ. ಬೇಜಾರಿಲ್ಲ, ಹಾಗೆ ತಿದ್ತಾ ತಿದ್ತಾನೇ ಅಜ್ಜ ಅಡಿಕೆ ಮಾರೋಕೆ ಶಿವಮೊಗ್ಗಕ್ಕೆ ಹೋಗಿ ರೇಡಿಯೋ ತಂದ ಕಥೆ ಓದಿದ್ದು.

ಆದ್ರೆ ತಮಾಷೆ ನೋಡಿ, ಫೈಲ್ ಒಳಗಿನ ಅಕ್ಷರ ಕೆಟ್ಟಿತ್ತು, ಈಮೇಲ್ ಮಾತ್ರ ಸಲೀಸಾಗಿ ಬಂತು. ಅವ್ರದ್ದು ಒಂದು ಕಂಪ್ನಿ ಅಕೌಂಟು, ನಂದು ಇನ್ನೊಂದು, ಯಾರೂ ತಕರಾರು ತೆಗೀಲಿಲ್ಲ. ಜಾನ್ ಪೋಸ್ಟೆಲ್ ಅನ್ನೋರು 1982ರಲ್ಲಿ ಎಸ್‌ಎಮ್‌ಟಿಪಿ ಅಂತ ಬರೆದಿಟ್ಟ, ಯಾರು ಬೇಕಾದ್ರೂ ಬಳಸ್ಬಹುದಾದ ಈಮೇಲ್ ಸಾಗಿಸೋ ಕ್ರಮ, ತಿದ್ದುಪಡಿ ಆಗಿದೆ ನಿಜ, ಇವತ್ತಿಗೂ ಅದೇ ನಡೀತಿರೋದು. ಸ್ಪ್ಯಾಮ್ ಕಾಟ ಇದೆ ಅಂತೀರಾ, ಇದೆ, ಬಾಗ್ಲು ತೆಗ್ದಿಟ್ರೆ ನೊಣಾನೂ ಬರುತ್ತೆ. ಚಾಟ್‌ಗೂ ಇಂಥದ್ದೇ ಇತ್ತು ಮಾರಾಯ್ರೆ, 1999ರಲ್ಲಿ ಜ್ಯಾಬರ್ ಅಂತ ಶುರುವಾಗಿದ್ದು, ಮುಂದೆ ಎಕ್ಸ್‌ಎಮ್‌ಪಿಪಿ ಅಂತ ಸ್ಟ್ಯಾಂಡರ್ಡೂ ಆಯ್ತು. ಈಗ್ಲೂ ಇದೆ, ನಮ್ಮನೇಲಿ ಯಾರ ಫೋನಲ್ಲೂ ಇಲ್ಲ. ಯುರೋಪಲ್ಲಿ ದೊಡ್ಡ ಚಾಟ್ ಆಪ್‌ಗಳು ಬೇರೆ ಆಪಿನವ್ರಿಗೂ ಬಾಗ್ಲು ತೆಗೀಬೇಕು ಅಂತ ಕಾನೂನೇ ಮಾಡಿದಾರೆ. ಗಿರಿನಗರಕ್ಕೆ ಅದು ಯಾವಾಗ ಮುಟ್ಟುತ್ತೋ.

ನಿನ್ನೆ ಪ್ರಿಂಟಿಂಗ್ ಖರ್ಚಿಗೆ ಅಂತ ಚಿಕ್ಕಪ್ಪಂಗೆ ಮೂರು ಸಾವಿರ ಯುಪಿಐ ಮಾಡ್ದೆ. ನಂದೊಂದು ಆಪು, ಅವ್ರದ್ದು ಬೇರೆ ಆಪು, ಬ್ಯಾಂಕೂ ಬೇರೆ, ಆದ್ರೂ ಕಣ್ಮುಚ್ಚಿ ತೆಗ್ಯೋದ್ರಲ್ಲಿ ಹೋಯ್ತು. ದುಡ್ಡಿಗಿರೋ ಈ ಭಾಗ್ಯ ಮಾತಿಗೆ ಯಾಕಿಲ್ಲ ಅಂತ ಯೋಚ್ನೆ ಮಾಡ್ತಾ ಕೂತಿದ್ದೆ, ಅರ್ಧ ಗಂಟೆ ಬಿಟ್ಟು ಅವ್ರ ಈಮೇಲ್ ಬಂತು. ಸಬ್ಜೆಕ್ಟ್ ಲೈನಲ್ಲಿ "ಬಂತು ಕಣೋ". ಒಳಗೆ ಏನೂ ಇಲ್ಲ.