ನಾಯಿ ಇದೆಯಾ ಅಂತ ಕೇಳಿದವರು
ಮಾರ್ಚ್ 9, 2025, ಭಾನುವಾರ

ಅಣ್ಣನ ಮಗಳು ಪುಟ್ಟಿ ಇವತ್ತು ಗಂಜಿ ಬೇಡ, ಮಿಡಿ ಉಪ್ಪಿನಕಾಯಿ ಬೇಕು ಅಂತ ಹಟ ಹಿಡಿದಳಂತೆ. ಹಾಗಾದ್ರೆ ಸರಿಹೋದಳು ಅಂತಲೇ.

ಅವಳಿಗೆ ಜ್ವರ ಬಂದಾಗಿನಿಂದ ವಾರವಿಡೀ ಅತ್ತಿಗೆ ಬಾಯಲ್ಲಿ ಒಂದೇ ಮಾತು, ಕಾಡಿನ ಉಣುಗಿನಿಂದ ಹರಡೋ ಮಂಗನ ಕಾಯಿಲೆ. ನಮ್ಮ ಕಡೆ ಬೇಸಿಗೆಯಲ್ಲಿ ಮೈ ಬಿಸಿಯಾದರೆ ಇನ್ನೇನು ನೆನಪಾಗುತ್ತೆ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡದ್ದು, ಇನ್ನೂ ನಮ್ಮನ್ನು ಬಿಟ್ಟಿಲ್ಲ. ರಕ್ತ ಪರೀಕ್ಷೆಯಲ್ಲಿ ಅದಲ್ಲ ಅಂತ ಬಂದಾಗ ಎಲ್ಲರೂ ಉಸಿರು ಬಿಟ್ಟರು. ಜ್ವರ ಮಾತ್ರ ಬಿಡಲಿಲ್ಲ.

ಗುರುವಾರ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ರಿಪೋರ್ಟ್ ಪಕ್ಕಕ್ಕಿಟ್ಟು, "ಸಾಕ್ಸ್ ತೆಗಿ ಮಗೂ" ಅಂದರು. ಅಂಗಾಲಿನಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆ. ಅಂಗೈಯಲ್ಲೂ. ಆಮೇಲೆ ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ಎಲ್ಲಾ ಹುಡುಕಿದರು, ಉಣುಗು ಕಚ್ಚಿದ ಕಡೆ ಆಗೋ, ಬೀಡಿಯಲ್ಲಿ ಸುಟ್ಟಂಥ ಕಪ್ಪು ಹಕ್ಕಳೆ ಇದೆಯಾ ಅಂತ. ಸಿಗಲಿಲ್ಲ. ಎಲ್ಲರಿಗೂ ಆಗಲ್ಲವಂತೆ.

"ಇವಳು ಕಾಡಿಗೆ ಕಾಲೇ ಇಟ್ಟಿಲ್ಲ ಡಾಕ್ಟ್ರೇ" ಅಂದಳು ಅತ್ತಿಗೆ.

"ಮನೇಲಿ ನಾಯಿ ಇದೆಯಾ?"

ಇದೆಯಲ್ಲ, ರಾಜ! ಅವನ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗೋ ಉಣುಗು. ಪುಟ್ಟಿ ಸಂಜೆ ಜಗಲಿ ಮೇಲೆ ಕೂತು ಒಂದೊಂದೇ ಕಿತ್ತು ಉಗುರಲ್ಲಿ ಒಡೀತಾಳೆ. ಕಚ್ಚಲೇಬೇಕು ಅಂತಿಲ್ಲ, ಹಾಗೆ ಒಡೆದರೆ ಕೈಯ ಗೀರಿನಿಂದಲೂ ಒಳಗೆ ಹೋಗಬಹುದಂತೆ. ಇದೂ ಉಣುಗಿನಿಂದ ಬರೋ ಜ್ವರವೇ, ಆದ್ರೆ ರಿಕೆಟ್ಸಿಯಾ ಅನ್ನೋ ಬ್ಯಾಕ್ಟೀರಿಯಾದ್ದು. ಮಂಗನ ಕಾಯಿಲೆ ವೈರಸ್ಸಿಂದು, ಅದಕ್ಕೇ ಅಂತ ಔಷಧ ಇಲ್ಲ. ಇದಕ್ಕೆ ಡಾಕ್ಸಿಸೈಕ್ಲಿನ್ ಇದೆ, ಅಗ್ಗದ ಮಾತ್ರೆ. "ಈ ಜ್ವರ ಪತ್ತೆಗೆ ವೈಲ್ ಫೆಲಿಕ್ಸ್ ಅಂತ ರಕ್ತದ ಟೆಸ್ಟಿದೆ, ಅದಕ್ಕೆ ಕಳಿಸ್ತೀನಿ. ಮೊದಲ ವಾರ ಅದರಲ್ಲಿ ಏನೂ ಕಾಣದೆ ಇರಬಹುದು. ಮಾತ್ರೆ ಇವತ್ತೇ ಶುರು ಮಾಡಿ" ಅಂದರು. ಶನಿವಾರ ಬೆಳಿಗ್ಗೆ ಹಣೆ ತಣ್ಣಗಿತ್ತು.

ಮೊದಲು ನೋಡಿದವರ ಮೇಲೆ ಸಿಟ್ಟಿದೆ. ಮಂಗ ಸತ್ತಿತ್ತಾ, ಸೊಪ್ಪಿಗೆ ಹೋಗಿದ್ರಾ ಅಂತೆಲ್ಲ ಕೇಳಿದರು, ನಾಯಿ ವಿಷಯ ಎತ್ತಲಿಲ್ಲ. ಚುಕ್ಕೆ ಆಗಿನ್ನೂ ಎದ್ದಿರಲಿಲ್ಲವೇನೋ, ಜ್ವರ ಬಂದು ಮೂರ್ನಾಲ್ಕು ದಿನಕ್ಕಲ್ವಾ ಅದು ಕಾಣೋದು. ಸುಮ್ನೆ ಬೈಯೋದೂ ಸರಿಯಲ್ಲ.

ರಾಜನನ್ನು ತೋಟದಾಚೆ ಬಿಟ್ಟು ಬರ್ತೀನಿ ಅಂತ ಅಣ್ಣ. ಪುಟ್ಟಿ ಅಳು. ಅವನನ್ನು ಓಡಿಸಿದರೆ ಉಣುಗು ಹೋಗುತ್ತಾ? ಅವು ಗೋಡೆ ಬಿರುಕಿನಲ್ಲೇ ಮೊಟ್ಟೆ ಇಡೋದು. ನಾಳೆ ಪಶು ಆಸ್ಪತ್ರೆಯಿಂದ ಔಷಧ ತರಬೇಕು, ಜಗಲಿ ಗೋಡೆಗೂ ಹೊಡೀಬೇಕು. ಅಡಿಕೆ ಚೀಲ ಸರಿಸದೆ ಗೋಡೆ ಸಿಗಲ್ಲ. ರೇಟು ಏರೋವರೆಗೆ ಅಣ್ಣ ಚೀಲ ಮುಟ್ಟೋಕೆ ಬಿಡಲ್ಲ, ಅತ್ತಿಗೆ ಹತ್ತಿರವೇ ಹೇಳಿಸಿದರೆ…