ಗೆದ್ದ ಮರುವರ್ಷ: ಯೂಕಾನ್ ತಂಡದ ನಲವತ್ತು ಪಂದ್ಯಗಳು, ಒಂದು ಹಲಗೆಯ ಮೇಲೆ

ಜೂನ್ 8, ಭಾನುವಾರ

ಹಲಗೆ ಇವತ್ತು ಸಿದ್ಧವಾಯಿತು. ಹನ್ನೆರಡು ಮಿಲಿಮೀಟರ್ ದಪ್ಪದ ಪ್ಲೈವುಡ್, 57.3 ಸೆಂಟಿಮೀಟರ್ ಉದ್ದ, 30.5 ಅಗಲ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಅದನ್ನು ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ದೇನೆ. ಆಟಗಾರರ ಬದಲು ದರ್ಜಿ ಅಂಗಡಿಯಿಂದ ತಂದ ಕೋಟಿನ ಗುಂಡಿಗಳು: ನಮ್ಮ ತಂಡಕ್ಕೆ ಕಡುನೀಲಿ, ಎದುರಾಳಿಗೆ ಬಿಳಿ. ಪ್ರತಿ ನೀಲಿ ಗುಂಡಿಯ ಮೇಲೂ ಸಣ್ಣ ಕುಂಚದಲ್ಲಿ ಅಂಗಿಯ ಸಂಖ್ಯೆ ಬರೆದಿದ್ದೇನೆ.

ನಮ್ಮ ತಂಡ ಎಂದರೆ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪುರುಷರ ತಂಡ, ಎಲ್ಲರ ಬಾಯಲ್ಲಿ ಯೂಕಾನ್. 2023ರ ಏಪ್ರಿಲ್ 3ರಂದು ಹ್ಯೂಸ್ಟನ್‌ನಲ್ಲಿ ಸ್ಯಾನ್ ಡಿಯಾಗೊ ಸ್ಟೇಟ್ ತಂಡವನ್ನು 76-59ರಿಂದ ಸೋಲಿಸಿ ಅದು ರಾಷ್ಟ್ರೀಯ ಚಾಂಪಿಯನ್ ಆಯಿತು. ನನಗೆ ಬೇಕಾಗಿರುವುದು ಆ ಗೆಲುವಿನ ನಂತರದ ವರ್ಷ. 2023-24ರಲ್ಲಿ ಅವರು 40 ಪಂದ್ಯ ಆಡಿ 37 ಗೆದ್ದರು, 3 ಸೋತರು, ಮತ್ತೆ ಚಾಂಪಿಯನ್ ಆದರು. ಪೂರ್ತಿ ವೀಡಿಯೊ ಸಿಕ್ಕ ಪಂದ್ಯಗಳನ್ನು ಭಾನುವಾರಕ್ಕೊಂದರಂತೆ ನೋಡುವುದು, ಮುಖ್ಯ ಚಲನೆಗಳನ್ನು ಹಲಗೆಯ ಮೇಲೆ ಗುಂಡಿ ಸರಿಸಿ ಮತ್ತೆ ಆಡಿಸುವುದು, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಡುವುದು: ಇಷ್ಟು ಕೆಲಸ.

ಏಕೆ ಈ ವರ್ಷವೇ ಎಂದರೆ, ನಾನು ದಾವಣಗೆರೆಯಲ್ಲಿ ಓದುವಾಗ ನಮ್ಮ ಕಾಲೇಜಿನ ಹುಡುಗಿಯರ ತಂಡ ಅಂತರ ಕಾಲೇಜು ಪಂದ್ಯಾವಳಿ ಗೆದ್ದಿತ್ತು. ಮರುವರ್ಷ ಅದೇ ಐವರು ಇದ್ದೆವು, ಅದೇ ಸಿಮೆಂಟಿನ ಅಂಕಣ, ಅದೇ ಚೆಂಡು. ಮೊದಲ ಸುತ್ತಿನಲ್ಲೇ ಸೋತು ಬಂದೆವು. ಬಸ್ಸಿನಲ್ಲಿ ಯಾರೂ ಮಾತನಾಡಲಿಲ್ಲ. ಏನು ತಪ್ಪಿತು ಎಂಬುದು ನನಗೆ ಈವರೆಗೂ ಸರಿಯಾಗಿ ಅರ್ಥವಾಗಿಲ್ಲ.

ಜೂನ್ 15

ಮೊದಲ ಪಂದ್ಯ ಆಡಿಸಲು ಕೂರುವ ಮೊದಲೇ ಹಲಗೆಯನ್ನು ಉಪ್ಪುಕಾಗದದಲ್ಲಿ ಉಜ್ಜಬೇಕಾಯಿತು. ಬುಟ್ಟಿಯ ಕೆಳಗಿನ ಆಯತವನ್ನು ನಾನು ಕೈಗೆ ರೂಢಿಯಾದ ಅಳತೆಯಲ್ಲೇ ಬರೆದುಬಿಟ್ಟಿದ್ದೆ. ನಾವು ಆಡುವ ಅಂತರರಾಷ್ಟ್ರೀಯ ನಿಯಮದಲ್ಲಿ ಅದರ ಅಗಲ 4.9 ಮೀಟರ್. ಅಮೆರಿಕದ ಕಾಲೇಜಿನಲ್ಲಿ 12 ಅಡಿ, ಅಂದರೆ 3.66 ಮೀಟರ್ ಮಾತ್ರ. ಹಲಗೆಯ ಮೇಲೆ 9.8 ಸೆಂಟಿಮೀಟರ್ ಇದ್ದದ್ದು 7.3ಕ್ಕೆ ಇಳಿಯಿತು.

ಈ ತಪ್ಪಿನಿಂದ ಒಂದು ದೊಡ್ಡ ವಿಷಯ ಹೊಳೆಯಿತು. ಆ ಆಯತದೊಳಗೆ ದಾಳಿ ಮಾಡುವವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಆಯತ ಕಿರಿದಾದಷ್ಟೂ ಸೆಂಟರ್, ಅಂದರೆ ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ, ಗೆರೆಯ ಹೊರಗೆ ನಿಂತೂ ಬುಟ್ಟಿಗೆ ಹತ್ತಿರವಿರುತ್ತಾನೆ. ಯೂಕಾನ್‌ನ ಡೊನೊವನ್ ಕ್ಲಿಂಗನ್ ಏಳು ಅಡಿ ಎರಡು ಅಂಗುಲ, ಅಂತಿಮ ಪಂದ್ಯದಲ್ಲಿ ಎದುರಾದ ಪರ್ಡ್ಯೂ ತಂಡದ ಜ್ಯಾಕ್ ಈಡಿ ಇನ್ನೂ ಎರಡು ಅಂಗುಲ ಹೆಚ್ಚು. ಅವರಿಬ್ಬರ ಸುತ್ತ ಆ ವರ್ಷವೇ ಏಕೆ ಸುತ್ತಿತು ಎಂಬುದಕ್ಕೆ ಅರ್ಧ ಕಾರಣ ಈ ಎರಡೂವರೆ ಸೆಂಟಿಮೀಟರಿನಲ್ಲಿದೆ. ಮೂರು ಅಂಕದ ಗೆರೆ ಮಾತ್ರ 2019ರಿಂದ ನಮ್ಮದೇ ಅಳತೆ, 6.75 ಮೀಟರ್, ಅದನ್ನು ತಿದ್ದಬೇಕಾಗಲಿಲ್ಲ.

ಜೂನ್ 29

ಹೋದವರ ಪಟ್ಟಿ ಬರೆದೆ. ಅಡಾಮಾ ಸನೋಗೊ, 2023ರ ಅಂತಿಮ ಘಟ್ಟದ ಅತ್ಯುತ್ತಮ ಆಟಗಾರ, ವೃತ್ತಿಪರ ಆಟಕ್ಕೆ ಹೋದ. ಜೋರ್ಡನ್ ಹಾಕಿನ್ಸ್ ಎನ್‌ಬಿಎ ಆಯ್ಕೆಯಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಲೀಗಿನ ತಂಡಗಳು ಪ್ರತಿ ವರ್ಷ ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವಾಗ, 14ನೆಯವನಾಗಿ ಹೋದ. ಆಂಡ್ರೆ ಜ್ಯಾಕ್ಸನ್ 36ನೆಯವನು. ಮೊದಲ ಐವರಲ್ಲಿ ಉಳಿದವರು ಇಬ್ಬರೇ: ಟ್ರಿಸ್ಟನ್ ನ್ಯೂಟನ್, ಅಲೆಕ್ಸ್ ಕರಾಬನ್. ಡಬ್ಬಿಯಲ್ಲಿದ್ದ 21, 24, 44ರ ಗುಂಡಿಗಳನ್ನು ಬೇರೆ ಲಕೋಟೆಗೆ ಹಾಕಿದೆ.

ಬಂದವರು: ರಟ್ಗರ್ಸ್ ಕಾಲೇಜಿನಿಂದ ಕ್ಯಾಮ್ ಸ್ಪೆನ್ಸರ್, 12. ಶಾಲೆ ಮುಗಿಸಿ ನೇರ ಬಂದ ಸ್ಟೆಫಾನ್ ಕ್ಯಾಸಲ್, 5. ಹಿಂದಿನ ವರ್ಷ ಬೆಂಚಿನಿಂದ ಎದ್ದು ಬರುತ್ತಿದ್ದ ಕ್ಲಿಂಗನ್, 32, ಈಗ ಮೊದಲ ಐವರಲ್ಲಿ.

ಐದರಲ್ಲಿ ಮೂರು ಜಾಗ ಬದಲಾದ ಮೇಲೆ ಅದನ್ನು ಅದೇ ತಂಡ ಎನ್ನುವುದು ಹೇಗೆ? ಚಾಂಪಿಯನ್ ಪಟ್ಟ ಉಳಿಸಿಕೊಳ್ಳುವುದು ಎಂದು ಪತ್ರಿಕೆಗಳು ಬರೆಯುತ್ತವೆ. ಪಟ್ಟ ಗೆದ್ದವರಲ್ಲಿ ಹೆಚ್ಚಿನವರು ಅಲ್ಲಿ ಇರಲೇ ಇಲ್ಲ. ಸ್ಪೆನ್ಸರ್‌ಗೂ ಕ್ಯಾಸಲ್‌ಗೂ ಉಳಿಸಿಕೊಳ್ಳಲು ಏನೂ ಇರಲಿಲ್ಲ, ಗಳಿಸಬೇಕಾದದ್ದೇ ಎಲ್ಲ ಇತ್ತು.

ಜುಲೈ 13

ಅಣ್ಣನ ಮಗಳು ಕಾಲೇಜಿನ ರಜೆಗೆ ಬಂದಿದ್ದಾಳೆ. ಅವಳೂ ಗಾರ್ಡ್ ಸ್ಥಾನದಲ್ಲಿ, ಅಂದರೆ ಚೆಂಡು ನಡೆಸುವ ಜಾಗದಲ್ಲಿ, ಆಡುತ್ತಾಳೆ. ಮಳೆ ಬಿಡದೆ ಸುರಿಯುತ್ತಿತ್ತು, ಇಬ್ಬರೂ ಕೂತು ಕ್ಯಾನ್ಸಸ್ ಪಂದ್ಯ ನೋಡಿದೆವು. 2023ರ ಡಿಸೆಂಬರ್ 1, ಕ್ಯಾನ್ಸಸ್‌ನ ಆಲನ್ ಫೀಲ್ಡ್‌ಹೌಸ್, ಯೂಕಾನ್‌ಗೆ 65-69ರ ಸೋಲು. ಋತುವಿನ ಮೊದಲ ಸೋಲು. ನ್ಯೂಟನ್ ಒಬ್ಬನೇ 31 ಅಂಕ ಹೊಡೆದ. ಕ್ಯಾಸಲ್ ಗಾಯಗೊಂಡು ಹೊರಗಿದ್ದ.

ನಾನು ಚೆಂಡಿನ ಹಿಂದೆಯೇ ಗುಂಡಿ ಸರಿಸುತ್ತಿದ್ದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. “ಅತ್ತೆ, ನೀವು ಚೆಂಡು ಇರುವವನನ್ನೇ ನೋಡುತ್ತಿದ್ದೀರಿ. ಹನ್ನೆರಡನೇ ನಂಬರನ್ನು ನೋಡಿ. ಅವನ ಹತ್ತಿರ ಚೆಂಡೇ ಇಲ್ಲ, ಆದರೂ ಬಿಳಿ ಗುಂಡಿಗಳೆಲ್ಲ ಅವನ ಕಡೆಗೇ ವಾಲುತ್ತಿವೆ.”

ಮತ್ತೆ ಹಿಂದಕ್ಕೆ ಹೋಗಿ ನೋಡಿದೆವು. ಸ್ಪೆನ್ಸರ್ ಬುಟ್ಟಿಯ ಕೆಳಗೆ ಸುಮ್ಮನೆ ನಿಂತಿರುತ್ತಾನೆ. ಇದ್ದಕ್ಕಿದ್ದಂತೆ ಹೊರಡುತ್ತಾನೆ. ಎರಡು ಎತ್ತರದ ಗೋಡೆಗಳ ನಡುವೆ ನುಸುಳಿದ ಹಾಗೆ ಕರಾಬನ್ ಮತ್ತು ಕ್ಲಿಂಗನ್‌ರ ಭುಜ ಸವರಿಕೊಂಡು ಮೂರು ಅಂಕದ ಗೆರೆಗೆ ಓಡುತ್ತಾನೆ. ಅವನನ್ನು ಕಾಯುವವನು ಸ್ಕ್ರೀನಿಗೆ, ಅಂದರೆ ದಾರಿಗೆ ಅಡ್ಡ ನಿಂತ ಅವರ ಮೈಗೆ, ಸಿಕ್ಕಿಬೀಳುತ್ತಾನೆ. ಕ್ಲಿಂಗನ್‌ನನ್ನು ಕಾಯುವವನು ಒಂದು ಹೆಜ್ಜೆ ಹೊರಗೆ ಬಂದರೆ ಕ್ಲಿಂಗನ್ ಬುಟ್ಟಿಯತ್ತ ತಿರುಗುತ್ತಾನೆ, ಎತ್ತರದ ಪಾಸ್ ಅಲ್ಲಿಗೆ ಬರುತ್ತದೆ. ಅವನು ಹೊರಗೆ ಬಾರದಿದ್ದರೆ ಸ್ಪೆನ್ಸರ್‌ಗೆ ತೆರೆದ ಹೊಡೆತ. ಆ ಋತುವಿನಲ್ಲಿ ಅವನ ಮೂರು ಅಂಕದ ಹೊಡೆತಗಳಲ್ಲಿ ನೂರಕ್ಕೆ 44 ಬುಟ್ಟಿಗೆ ಬಿದ್ದವು.

ಲಕೋಟೆಯಿಂದ 24ನ್ನು ತೆಗೆದೆ. ಹಾಕಿನ್ಸ್ ಹಿಂದಿನ ವರ್ಷ ಓಡುತ್ತಿದ್ದದ್ದೂ ಈ ದಾರಿಯನ್ನೇ. ಅವನು ಓಡುವ ರಭಸದಲ್ಲೇ ಗಾಳಿಗೆ ಹಾರಿ ಹೊಡೆಯುತ್ತಿದ್ದ. ಸ್ಪೆನ್ಸರ್‌ಗೆ ಆ ಹಾರಿಕೆ ಇಲ್ಲ. ಅವನು ನಿಂತು, ಹೊಡೆಯುವಂತೆ ತೋರಿಸಿ, ಬೇರೆಯವರಿಗೆ ಕೊಡಬಲ್ಲ. ದಾರಿ ಒಂದೇ, ನಡೆಯುವವನ ಹೆಜ್ಜೆ ಬೇರೆ. ಹಲಗೆಯ ಮೇಲೆ ಎರಡು ಗುಂಡಿಗಳನ್ನು ಒಂದೇ ಗೆರೆಯಲ್ಲಿ ಸರಿಸಿದಾಗ ನನಗೆ ಮೈ ಜುಮ್ಮೆಂದಿತು.

ಅವಳು ಊರಿಗೆ ಹೋಗುವಾಗ ಹಲಗೆಯ ಫೋಟೊ ತೆಗೆದುಕೊಂಡು ಹೋದಳು.

ಆಗಸ್ಟ್ 3

ಎರಡನೇ ಸೋಲು. ಡಿಸೆಂಬರ್ 20, ಸೀಟನ್ ಹಾಲ್ ತಂಡದ ಎದುರು, 60-75. ಸೋಲಿಗಿಂತ ದೊಡ್ಡ ಪೆಟ್ಟು ಕ್ಲಿಂಗನ್‌ನ ಬಲಗಾಲಿಗೆ ಆದ ಗಾಯ. ಮುಂದಿನ ಐದು ಪಂದ್ಯ ಅವನಿಲ್ಲ.

ಆ ಐದೂ ಪಂದ್ಯಗಳನ್ನು ಯೂಕಾನ್ ಗೆದ್ದಿತು. 32ರ ಜಾಗದಲ್ಲಿ 35 ಇಟ್ಟೆ: ಸ್ಯಾಮ್ಸನ್ ಜಾನ್ಸನ್, ಆಫ್ರಿಕದ ಟೋಗೊ ದೇಶದಿಂದ ಬಂದ ಹುಡುಗ. ಅವನು ಕ್ಲಿಂಗನ್‌ನಷ್ಟು ಎತ್ತರವಿಲ್ಲ, ಅಗಲವಿಲ್ಲ, ಆದರೆ ಚುರುಕು. ಸ್ಕ್ರೀನ್ ಕೊಟ್ಟ ಮರುಕ್ಷಣ ಬುಟ್ಟಿಯ ಹತ್ತಿರ ಇರುತ್ತಾನೆ. ಇಡೀ ತಂಡ ಅವನ ವೇಗಕ್ಕೆ ತಕ್ಕಂತೆ ಪಾಸ್ ಹಾಕಲು ಕಲಿತದ್ದು ಈ ಮೂರ್ನಾಲ್ಕು ವಾರಗಳಲ್ಲಿ. ಜನವರಿ 17ರಂದು ಕ್ಲಿಂಗನ್ ಮರಳಿದ. ಸೀಟನ್ ಹಾಲ್ ಸೋಲಿನ ನಂತರ ಒಟ್ಟು 14 ಪಂದ್ಯ ಸತತವಾಗಿ ಗೆದ್ದರು.

ಅಂತಿಮ ಪಂದ್ಯಕ್ಕಿಂತ ಈ ಐದು ಪಂದ್ಯಗಳೇ ನನಗೆ ಹೆಚ್ಚು ಇಷ್ಟ. ಕ್ಯಾಮೆರಾಗಳ ಗದ್ದಲ ಕಡಿಮೆ, ಚಳಿಗಾಲದ ನಡುಮಧ್ಯ. ಎರಡನೇ ಸಾಲಿನ ಹುಡುಗ ತನ್ನ ಪಾಲಿನ ಕೆಲಸ ಮಾಡಿ ಮತ್ತೆ ಬೆಂಚಿಗೆ ಹೋಗಿ ಕೂರುತ್ತಾನೆ. ನಮ್ಮ ಕಾಲೇಜಿನಲ್ಲಿ ಆರನೆಯವಳು, ಏಳನೆಯವಳು ಎಂದು ಇಬ್ಬರಿದ್ದರು. ಗೆದ್ದ ವರ್ಷ ಅವರು ನಮ್ಮ ಜೊತೆ ದಿನವೂ ಅಭ್ಯಾಸ ಮಾಡುತ್ತಿದ್ದರು. ಮರುವರ್ಷ ಐವರಿಗೇ ಚೆಂಡು ಸಾಲದಾಯಿತು. ಅವರಿಬ್ಬರು ಬರುವುದನ್ನು ನಿಲ್ಲಿಸಿದರು, ನಾವು ಕರೆಯಲೂ ಇಲ್ಲ. ಇದನ್ನು ಬರೆಯುವಾಗ ಮನಸ್ಸಿಗೆ ನೋವಾಗುತ್ತಿದೆ.

ಆಗಸ್ಟ್ 17

ಮೂರನೇ ಸೋಲು, ಫೆಬ್ರುವರಿ 20, ಕ್ರೈಟನ್ ತಂಡದ ಎದುರು, 66-85. ನೋಡಿದೆ. ಹಲಗೆಯ ಮೇಲೆ ಆಡಿಸುವಂಥದ್ದು ಹೆಚ್ಚಿಲ್ಲ. ಎದುರಾಳಿ ಆ ರಾತ್ರಿ ಎಲ್ಲದರಲ್ಲೂ ಮೇಲಿದ್ದರು.

ಓದಿದ ಒಂದು ಸಂಗತಿ ಬರೆದಿಡುತ್ತೇನೆ. ಕೋಚ್ ಡ್ಯಾನ್ ಹರ್ಲಿಯ ತಂದೆ ಬಾಬ್ ಹರ್ಲಿ ಜರ್ಸಿ ಸಿಟಿಯ ಸೇಂಟ್ ಆ್ಯಂಟನಿ ಪ್ರೌಢಶಾಲೆಯ ಹೆಸರಾಂತ ಕೋಚ್ ಆಗಿದ್ದವರು. ಅಣ್ಣ ಬಾಬಿ ಹರ್ಲಿ 1991 ಮತ್ತು 1992ರಲ್ಲಿ ಸತತ ಎರಡು ಬಾರಿ ಚಾಂಪಿಯನ್ ಆದ ಡ್ಯೂಕ್ ತಂಡದ ಗಾರ್ಡ್. ಅಂದರೆ ಗೆದ್ದ ಮರುವರ್ಷ ಹೇಗಿರುತ್ತದೆ ಎಂಬುದು ಆ ಮನೆಯ ಊಟದ ಮೇಜಿನ ಮೇಲೆ ಇದ್ದ ವಿಷಯ. ಡ್ಯೂಕ್ ನಂತರ 2006 ಮತ್ತು 2007ರಲ್ಲಿ ಫ್ಲೋರಿಡಾ, ಆಮೇಲೆ ಈ ಯೂಕಾನ್. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಮೂರೇ ತಂಡ. ಉಳಿದವರ ಕಥೆ ಬೇರೆ. 2012ರಲ್ಲಿ ಗೆದ್ದ ಕೆಂಟಕಿ ಮರುವರ್ಷ ರಾಷ್ಟ್ರೀಯ ಪಂದ್ಯಾವಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಎರಡನೇ ದರ್ಜೆಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ರಾಬರ್ಟ್ ಮಾರಿಸ್ ಎಂಬ ಸಣ್ಣ ಕಾಲೇಜಿಗೆ 57-59ರಿಂದ ಸೋತಿತು.

ಫ್ಲೋರಿಡಾ ನನ್ನ ಯೋಚನೆಗೆ ಅಡ್ಡ ಬರುತ್ತದೆ. ಜೊವಾಕಿಮ್ ನೋವಾ, ಅಲ್ ಹಾರ್ಫರ್ಡ್, ಕೋರಿ ಬ್ರೂವರ್, ಟಾರಿಯನ್ ಗ್ರೀನ್, ಲೀ ಹಂಫ್ರಿ: ಗೆದ್ದ ಐವರೂ ಮರಳಿ ಬಂದರು, ಎನ್‌ಬಿಎಯ ಹಣ ಕಾಯುತ್ತಿದ್ದರೂ ಬಂದರು, ಮತ್ತೆ ಗೆದ್ದರು. ಹಾಗಾದರೆ ಹೊಸಬರು ಬಂದದ್ದರಿಂದಲೇ ಯೂಕಾನ್‌ಗೆ ಹಸಿವು ಉಳಿಯಿತು ಎನ್ನುವಂತಿಲ್ಲ. ಅದೇ ಐವರು ಇದ್ದದ್ದರಿಂದಲೇ ನಾವು ಸೋತೆವು ಎನ್ನುವಂತೆಯೂ ಇಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹಾಗೆ ಬರೆದಿದ್ದ ವಾಕ್ಯವನ್ನು ಹೊಡೆದುಹಾಕಿದೆ.

ಆಗಸ್ಟ್ 31

ಹಬ್ಬದ ಗಡಿಬಿಡಿಯಲ್ಲಿ ಒಂದು ವಾರ ತಪ್ಪಿತು. ಇವತ್ತು ಇಲಿನಾಯ್ ಪಂದ್ಯ, 2024ರ ಮಾರ್ಚ್ 30, ಬಾಸ್ಟನ್. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಎಂಟೇ ತಂಡ ಉಳಿದ ಘಟ್ಟ.

ಮೊದಲಾರ್ಧದ ಕೊನೆಯ ಹೊತ್ತಿಗೆ 23-23. ಅಲ್ಲಿಂದ ಯೂಕಾನ್ ಸತತ 30 ಅಂಕ ಗಳಿಸಿತು. ಆ ಹೊತ್ತಿನಲ್ಲಿ ಇಲಿನಾಯ್‌ಗೆ ಸೊನ್ನೆ. 53-23. ಕೊನೆಗೆ 77-52.

ಹಲಗೆಯ ಮೇಲೆ ಇದನ್ನು ಆಡಿಸಲು ನಾಲ್ಕು ಗಂಟೆ ಹಿಡಿಯಿತು. ಬಿಳಿ ಗುಂಡಿ ಒಂದೊಂದು ಸಲ ಆಯತದೊಳಗೆ ನುಗ್ಗಿದಾಗಲೂ ಅಲ್ಲಿ 32 ಇರುತ್ತಾನೆ. ಕ್ಲಿಂಗನ್ ಓಡಾಡುವುದು ಕಡಿಮೆ. ಎರಡು ಹೆಜ್ಜೆ ಸರಿದು ಕೈ ಎತ್ತುತ್ತಾನೆ, ಅಷ್ಟೇ. ಇಲಿನಾಯ್‌ನವರು ಬದಲಿಸಲಿಲ್ಲ, ಮತ್ತೆ ಮತ್ತೆ ಅವನ ಮೇಲೇ ನುಗ್ಗಿದರು. ಕ್ಲಿಂಗನ್‌ಗೆ 22 ಅಂಕ, 10 ರೀಬೌಂಡ್ (ಬುಟ್ಟಿ ತಪ್ಪಿದ ಚೆಂಡು ಹಿಡಿದದ್ದು), 5 ಬ್ಲಾಕ್ (ಎದುರಾಳಿಯ ಹೊಡೆತ ತಡೆದದ್ದು). ಆಟ ಮುಗಿಯುವ ಹೊತ್ತಿಗೆ ಅವನ ಗುಂಡಿಯ ಕೆಳಗೆ ಹಲಗೆಯ ಬಣ್ಣ ತುಸು ಸವೆದಿತ್ತು. ಅಷ್ಟು ಸಲ ಅದೇ ಚೂರು ಜಾಗದಲ್ಲಿ ಹಿಂದೆ ಮುಂದೆ ಸರಿಸಿದ್ದೆ.

ಕ್ಯಾಸಲ್ ಬಗ್ಗೆ ಒಂದು ಮಾತು. ಅವನ ದೂರದ ಹೊಡೆತ ದುರ್ಬಲ ಎಂದು ಎದುರಾಳಿಗಳು ಅವನನ್ನು ಗೆರೆಯ ಬಳಿ ಒಂಟಿಯಾಗಿ ಬಿಟ್ಟು ಒಳಗೆ ಗುಂಪು ಕಟ್ಟುತ್ತಿದ್ದರು. ಯೂಕಾನ್ ಅವನನ್ನು ಗೆರೆಯ ಬಳಿ ನಿಲ್ಲಿಸುವುದನ್ನೇ ಕಡಿಮೆ ಮಾಡಿ ಸ್ಕ್ರೀನ್ ಕೊಡಲು, ಬುಟ್ಟಿಯತ್ತ ನುಗ್ಗಲು ಹಚ್ಚಿತು. ಹದಿಹರೆಯದ ಹುಡುಗ, ಮುಂದೆ ಎನ್‌ಬಿಎ ಆಯ್ಕೆಯಲ್ಲಿ ನಾಲ್ಕನೆಯವನಾಗಿ ಹೋದವನು, ಈ ತಂಡದಲ್ಲಿ ಅಂಕ ಗಳಿಕೆಯ ಸರಾಸರಿಯಲ್ಲಿ ಐದನೆಯವನು. ಅವನು ಮುನಿಸಿಕೊಳ್ಳಲಿಲ್ಲ. ನಾಲ್ಕರ ಘಟ್ಟದಲ್ಲಿ ಅಲಬಾಮಾ ವಿರುದ್ಧ ಸರದಿ ಬಂದಾಗ 21 ಅಂಕ ಹೊಡೆದ.

ಸೆಪ್ಟೆಂಬರ್ 14

ಕೊನೆಯ ಪಂದ್ಯ. 2024ರ ಏಪ್ರಿಲ್ 8, ಅರಿಜೋನಾದ ಗ್ಲೆಂಡೇಲ್. ಯೂಕಾನ್ 75, ಪರ್ಡ್ಯೂ 60.

ಈಡಿ 37 ಅಂಕ ಗಳಿಸಿದ. ಕೇವಲ ಅಂಕಪಟ್ಟಿ ನೋಡಿದವರಿಗೆ ಇದು ಒಗಟಿನಂತೆ ಕಾಣುತ್ತದೆ. ಗುಂಡಿ ಇಟ್ಟು ನೋಡಿದರೆ ಕಾಣುವುದು ಬೇರೆ: ಈಡಿಗೆ ಚೆಂಡು ಬಂದಾಗ ಉಳಿದ ನೀಲಿ ಗುಂಡಿಗಳು ಕದಲುವುದೇ ಇಲ್ಲ. ಸಾಮಾನ್ಯವಾಗಿ ಇಷ್ಟು ಎತ್ತರದವನ ಕೈಗೆ ಚೆಂಡು ಬಂದರೆ ಇಬ್ಬರು ಮೂವರು ಮುತ್ತುತ್ತಾರೆ, ಅವನು ಹೊರಗೆ ಒಂಟಿಯಾದವನಿಗೆ ಎಸೆಯುತ್ತಾನೆ, ಮೂರು ಅಂಕ. ಯೂಕಾನ್ ಕ್ಲಿಂಗನ್‌ನನ್ನು ಒಬ್ಬನನ್ನೇ ಅವನ ಮುಂದೆ ಬಿಟ್ಟು ಉಳಿದ ನಾಲ್ವರಿಗೆ ತಮ್ಮ ತಮ್ಮವರನ್ನು ಬಿಡಬೇಡಿ ಎಂದಿತು. ದೂರದಿಂದ ಹೊಡೆಯುವುದರಲ್ಲಿ ದೇಶದ ಮೇಲ್ಪಂಕ್ತಿಯಲ್ಲಿದ್ದ ಪರ್ಡ್ಯೂ ಆ ರಾತ್ರಿ ಮೂರು ಅಂಕಕ್ಕೆ ಪ್ರಯತ್ನಿಸಿದ್ದೇ ಏಳು ಸಲ, ಬಿದ್ದದ್ದು ಒಂದು.

ನಾಲ್ವರು ಸುಮ್ಮನೆ ತಮ್ಮ ಜಾಗದಲ್ಲಿ ನಿಲ್ಲುವುದು, ಜೊತೆಗಾರ ಒಬ್ಬನೇ ಪೆಟ್ಟು ತಿನ್ನುತ್ತಿರುವುದನ್ನು ನೋಡಿಯೂ ನಿಲ್ಲುವುದು, ಸುಲಭವಲ್ಲ. ನಾನಾಗಿದ್ದರೆ ಸಹಾಯಕ್ಕೆ ಓಡುತ್ತಿದ್ದೆ.

ಕೂಡಿಸಿ ನೋಡಿದೆ. ರಾಷ್ಟ್ರೀಯ ಪಂದ್ಯಾವಳಿಯ ಆರು ಗೆಲುವುಗಳ ಅಂತರ: 39, 17, 30, 25, 14, 15. ಒಟ್ಟು 140. ಹಿಂದಿನ ವರ್ಷದ ಆರರದ್ದು 120. ಎರಡು ವರ್ಷಗಳ ಹನ್ನೆರಡು ಪಂದ್ಯಗಳಲ್ಲಿ ಅತಿ ಸಣ್ಣ ಅಂತರ 13.

ಅಣ್ಣನ ಮಗಳಿಗೆ ಫೋನ್ ಮಾಡಿ ಓದಿ ಹೇಳಿದೆ. “ಅತ್ತೆ, ನಿಮ್ಮ ಹಳೆಯ ತಂಡದವರ ನಂಬರ್ ಇದೆಯೇ? ಬೆಂಚಿನ ಮೇಲಿದ್ದ ಇಬ್ಬರದು?” ಎಂದು ಕೇಳಿದಳು. ಒಬ್ಬಳದು ಸಿಕ್ಕಿದೆ. ಹರಿಹರದಲ್ಲಿದ್ದಾಳಂತೆ. ಇನ್ನೂ ಕರೆ ಮಾಡಿಲ್ಲ, ಈ ವಾರ ಮಾಡುತ್ತೇನೆ.

ಸೆಪ್ಟೆಂಬರ್ 21

ಎರಡನೇ ಹಂತಕ್ಕೆ ಗುಂಡಿ ವಿಂಗಡಿಸಿದೆ. 2024-25, ಎರಡು ಸಲ ಗೆದ್ದ ನಂತರದ ವರ್ಷ. ನ್ಯೂಟನ್, ಸ್ಪೆನ್ಸರ್, ಕ್ಯಾಸಲ್, ಕ್ಲಿಂಗನ್ ನಾಲ್ವರೂ ಎನ್‌ಬಿಎ ಆಯ್ಕೆಯಲ್ಲಿ ಹೋದರು. ಮೊದಲ ಐವರಲ್ಲಿ ಹಲಗೆಯ ಮೇಲೆ ಉಳಿದದ್ದು 11, ಕರಾಬನ್ ಒಬ್ಬನೇ. ನವೆಂಬರಿನಲ್ಲಿ ಹವಾಯಿಯ ಮಾವಿ ಪಂದ್ಯಾವಳಿಯಲ್ಲಿ ಮೂರು ದಿನ ಮೂರು ಸೋಲು: ಮೆಂಫಿಸ್ 97-99, ಕೊಲರಾಡೊ 72-73, ಡೇಟನ್ 67-85. ಮಾರ್ಚ್‌ನಲ್ಲಿ ರಾಷ್ಟ್ರೀಯ ಪಂದ್ಯಾವಳಿಯ ಎರಡನೇ ಸುತ್ತಿನಲ್ಲಿ 75-77ರಿಂದ ಸೋತದ್ದು ಫ್ಲೋರಿಡಾಗೆ, ಆ ವರ್ಷ ಚಾಂಪಿಯನ್ ಆದ ತಂಡಕ್ಕೆ.

ಹಲಗೆಯ ಸವೆದ ಜಾಗಕ್ಕೆ ಬಣ್ಣ ಹಚ್ಚದೆ ಹಾಗೆಯೇ ಬಿಟ್ಟಿದ್ದೇನೆ. ಹೊಸ ಗುಂಡಿಗಳ ಸಂಖ್ಯೆ ಇನ್ನೂ ಒಣಗಬೇಕು. ಮುಂದಿನ ಭಾನುವಾರ ಮೆಂಫಿಸ್ ಪಂದ್ಯದಿಂದ ಆರಂಭ.