ತಂತಿಯಿಂದ ಶುರುವಾಗುವ ಪಾಠ

ಐಟಿ ವೃತ್ತಿಪರರನ್ನು ತಯಾರು ಮಾಡುವ ಚಿಕ್ಕ ಅನ್ವಯಿಕ ಕಾಲೇಜೊಂದರಲ್ಲಿ ನೆಟ್‌ವರ್ಕಿಂಗ್ ಕಲಿಸುತ್ತೇನೆ. ನನ್ನ ಪಾಠ ಶುರುವಾಗುವುದು ಕೇಬಲ್‌ನಿಂದ. ಎಂಟು ತಂತಿಗಳನ್ನು ಬಿಡಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಸಾಲಾಗಿ ಜೋಡಿಸಿ ಕನೆಕ್ಟರ್‌ಗೆ, ಅಂದರೆ ಕೇಬಲ್ ತುದಿಯ ಪ್ಲಗ್‌ಗೆ, ತೂರಿಸಬೇಕು. ಒಂದೇ ಬಣ್ಣದ ಎರಡೆರಡು ತಂತಿಗಳು ಜೋಡಿಯಾಗಿ ಹೆಣೆದುಕೊಂಡಿರುತ್ತವೆ. ಆ ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚುವಂತಿಲ್ಲ. ಬಿಚ್ಚಿದರೆ ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಸೋರುತ್ತದೆ. ಹಸಿರು ಜೋಡಿ ನೀಲಿಯ ಆಚೀಚೆ ಒಡೆದು ಕೂರುವುದೇಕೆ ಎಂದು ಯಾರಾದರೂ ಕೇಳಿದರಂತೂ ನನಗೆ ಹಬ್ಬ! ಹಳೆಯ ದೂರವಾಣಿ ಪ್ಲಗ್‌ನಲ್ಲಿ ನಡುವಿನ ಎರಡು ಪಿನ್‌ಗಳೇ ಮೊದಲ ಲೈನು. ಆ ಜಾಗವನ್ನು ನೀಲಿ ಜೋಡಿಗೆ ಉಳಿಸಿಕೊಂಡಿದ್ದಾರೆ.

ತರಗತಿ ಚಿಕ್ಕದಾದ್ದರಿಂದ ಪ್ರತಿಯೊಬ್ಬರ ಕೈಯನ್ನೂ ಹತ್ತಿರದಿಂದ ನೋಡುತ್ತೇನೆ. ಐಪಿ ವಿಳಾಸ, ರೂಟಿಂಗ್, ಫೈರ್‌ವಾಲ್ ಎಲ್ಲ ಆಮೇಲೆ ಬರುತ್ತವೆ. ಸಂಪರ್ಕ ಕಡಿದಾಗ ಮೊದಲು ತಂತಿಯನ್ನು ಪರೀಕ್ಷಿಸುವ ಅಭ್ಯಾಸ ಮಾತ್ರ ಇಲ್ಲಿಯೇ ಬೇರೂರಬೇಕು.